ಖಾಲಿ ಬ್ಯಾರನ್ನಿನ ಏಳನೇ ಹಾಡು

ಮೂವತ್ತೆರಡನೇ ವಯಸ್ಸಿಗೆ ನಿವೃತ್ತಿ ಎಂದರೆ ನಗು ಬರುವವರು ಮೊದಲು ನಕ್ಕು ಮುಗಿಸಲಿ, ನಾನು ಕಾಯುತ್ತೇನೆ. ನನಗೆ ಯಾರೂ ಶಾಲು ಹೊದಿಸಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ, ‘ಇವರ ಸೇವೆ ಅಪಾರ’ ಎಂದು ಮೈಕಿನ ಮುಂದೆ ಸುಳ್ಳು ಹೇಳಲಿಲ್ಲ. ಆ ಸುಳ್ಳನ್ನು ಯಾವ ಮಂತ್ರಿಯ ದನಿಯಲ್ಲಿ ಬೇಕಾದರೂ ನಾನೇ ಹೇಳಿಕೊಳ್ಳಬಲ್ಲೆನಾದ್ದರಿಂದ ಬೇರೆಯವರಿಗೆ ತೊಂದರೆ ಕೊಡಲಿಲ್ಲ. ಹದಿಮೂರು ವರ್ಷ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮಿಮಿಕ್ರಿ ಮಾಡಿಕೊಂಡಿದ್ದೆ. ಈಗ ರಾವಂದೂರಿನಲ್ಲಿ ನಮ್ಮ ಚಿಕ್ಕಪ್ಪನ ಹಿಟ್ಟಿನ ಮಿಲ್ಲು ನೋಡಿಕೊಳ್ಳುತ್ತಿದ್ದೇನೆ. ಮಿಲ್ಲು ಓಡುವಾಗ ಯಾರು ಏನು ಹೇಳಿದರೂ ನನಗೆ ಕೇಳುವುದಿಲ್ಲ, ನಾನು ಹೇಳಿದ್ದು ಯಾರಿಗೂ ಕೇಳುವುದಿಲ್ಲ. ನಿನಗೆ ತಕ್ಕ ಜಾಗ ಕೊನೆಗೂ ಸಿಕ್ಕಿತು ಎಂದು ನಮ್ಮವ್ವ ಸಂತೋಷಪಟ್ಟಿದ್ದಾಳೆ.

ಈ ಕಸುಬಿಗೆ ಇಳಿಯಬೇಕೆನ್ನುವ ಹೊಸಬರು ಆಗಾಗ ಫೋನು ಮಾಡುತ್ತಾರೆ. ಗಂಟಲು ಪಳಗಿಸುವುದು ಹೇಗೆ, ಯಾವ ನಟನಿಂದ ಶುರು ಮಾಡಿದರೆ ಸುಲಭ, ಬೆಳಿಗ್ಗೆ ಎದ್ದು ಏನು ಕುಡಿಯಬೇಕು ಎಂದೆಲ್ಲ ಕೇಳುತ್ತಾರೆ. ಬಿಸಿನೀರು ಕುಡಿಯಿರಿ, ಅಷ್ಟೆ. ನಾನು ಹೇಳಬೇಕೆಂದಿರುವುದು ಬೇರೆ. ಇನ್ನೊಬ್ಬನ ದನಿ ನಮ್ಮ ಗಂಟಲಿಗೆ ಬಂದ ಮೇಲೆ ಅದನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಗೋಡೆಗೆ ಹಣೆ ಹೊಡೆದುಕೊಂಡು ಕಲಿತೆ. ಹಣೆಯ ಬಗ್ಗೆ ನನಗೆ ಬೇಸರವಿಲ್ಲ, ಗೋಡೆ ಬೇರೆಯವರದಾಗಿತ್ತು.

ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ಕೆ.ಆರ್. ನಗರದ ಪುಟ್ಟಸ್ವಾಮಣ್ಣ. ಆರ್ಕೆಸ್ಟ್ರಾದ ಮಾಲೀಕರೂ ಅವರೇ, ಕೀಬೋರ್ಡ್ ನುಡಿಸುವವರೂ ಅವರೇ, ವ್ಯಾನು ಓಡಿಸುವವರೂ ಅವರೇ. ಸಂದರ್ಶನಕ್ಕೆ ಹೋದ ದಿನ ಎಲೆಅಡಿಕೆ ತುಂಬಿಕೊಂಡ ಬಾಯಲ್ಲಿ, ನನ್ನಂಗೇ ಮಾತಾಡು ನೋಡ್ಮ ಅಂದರು. ನಾನು ಬಾಯಲ್ಲಿ ಎಲೆಅಡಿಕೆ ಇಲ್ಲದೆಯೇ ಎಲೆಅಡಿಕೆ ತುಂಬಿಕೊಂಡು ಮಾತಾಡಿದೆ. ಅವರು ಹೊರಗೆ ಹೋಗಿ ಉಗಿದು ಬಂದು, ಇದನ್ನು ನನ್ನ ಹೆಂಡತಿ ಮುಂದೆ ಮಾತ್ರ ಮಾಡಬೇಡ, ಆಮೇಲೆ ನನಗೆ ಮನೆಯಲ್ಲಿ ಕೆಲಸವಿರುವುದಿಲ್ಲ ಅಂದರು. ಅಲ್ಲಿಗೆ ನೌಕರಿ ಖಾಯಂ.

ಅವರು ಕಲಿಸಿದ್ದು ಒಂದೇ ಪಾಠ. ಹಾಡಿಗೂ ಹಾಡಿಗೂ ನಡುವೆ ತಂತಿ ಸರಿ ಮಾಡಬೇಕು, ಹಾಡುಗಾರ್ತಿ ನೀರು ಕುಡಿಯಬೇಕು, ಕರೆಂಟು ಹೋಗಿ ಜನರೇಟರ್ ಹಾಕಬೇಕು. ಆಗೆಲ್ಲ ಜನ ಎದ್ದು ಹೋಗದಂತೆ ನೋಡಿಕೊಳ್ಳುವುದು ಮಿಮಿಕ್ರಿಯವನ ಕೆಲಸ. “ಸಂದು ಕಂಡ್ರೆ ಬಾಯಿ ಹಾಕು ಕಣ್ಲಾ ಲೋಕಿ. ಸಂದು ತುಂಬಕ್ಕೇ ನಿನ್ನ ಇಟ್ಕಂಡಿರೋದು” ಅನ್ನುತ್ತಿದ್ದರು. ನಾನು ಎಂಥ ವಿಧೇಯ ಶಿಷ್ಯ ಎಂದರೆ ಸಂದು ಇಲ್ಲದ ಕಡೆಯೂ ಬಾಯಿ ಹಾಕಿದೆ.

ಹೊಸ ಅಗ್ರಹಾರದ ಒಂದು ಮದುವೆಯಲ್ಲಿ ಹಾಗೇ ಆಯಿತು. ಹುಡುಗಿಯ ಸೋದರಮಾವ ದೊಡ್ಡ ದನಿಯ ಮನುಷ್ಯ, ಬೆಳಿಗ್ಗೆಯಿಂದ ಎಲ್ಲರಿಗೂ ಅಪ್ಪಣೆ ಕೊಡುತ್ತ ತಿರುಗುತ್ತಿದ್ದರು. ಆ ದನಿ ಕೇಳಿ ಕೇಳಿ ನನ್ನ ಗಂಟಲಲ್ಲಿ ಬಂದು ಕೂತಿತ್ತು. ಮೈಕು ಕೈಗೆ ಬಂದದ್ದೇ, ‘ಎಲ್ರೂ ಊಟಕ್ಕೆ ಏಳ್ರಪ್ಪಾ, ಎಲೆ ಹಾಕವ್ರೆ’ ಎಂದೆ. ಜನ ನಗುತ್ತಾರೆ ಅಂದುಕೊಂಡಿದ್ದೆ. ಜನ ಎದ್ದರು. ನೋಡುನೋಡುತ್ತಲೇ ಮೊದಲ ಪಂಕ್ತಿಯವರು ಖಾಲಿ ಮೇಜಿನ ಮುಂದೆ ಕೂತರು, ಎರಡನೇ ಪಂಕ್ತಿಯವರು ಅವರ ಬೆನ್ನ ಹಿಂದೆ ನಿಂತರು, ಅನ್ನ ಇನ್ನೂ ಗಂಜಿ ಬಸಿಯದೆ ಕುದಿಯುತ್ತಿತ್ತು. ಅಡುಗೆ ಭಟ್ಟರು ಸೌಟು ಹಿಡಿದು ಮೊದಲು ಸೋದರಮಾವನನ್ನು ಹುಡುಕಿದರು. ಸೋದರಮಾವ ಅದೇ ಸೌಟು ಹಿಡಿದು ನನ್ನನ್ನು ಹುಡುಕಿದರು. ಪುಟ್ಟಸ್ವಾಮಣ್ಣ ನನ್ನನ್ನು ಡ್ರಮ್ಮಿನ ಪೆಟ್ಟಿಗೆಗಳ ಮಧ್ಯೆ ಕೂರಿಸಿ ವ್ಯಾನು ಬಿಟ್ಟರು. ಹೊಸಬರು ಇದರಿಂದ ಕಲಿಯುವುದು ಏನೂ ಇಲ್ಲ. ನನಗೆ ಹೇಳಲು ಖುಷಿ, ಅದಕ್ಕೇ ಹೇಳಿದೆ.

ಕಲಿಯುವ ರೀತಿ ಈಗ ಬದಲಾಗಿದೆ. ನಾವು ಬಸ್ಸಿನಲ್ಲಿ ಕಂಡಕ್ಟರ್ ಪಕ್ಕ ನಿಂತು, ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಹಿಂದೆ ನಿಂತು ಕಿವಿಯಲ್ಲಿ ಹಿಡಿದುಕೊಂಡು ಬರುತ್ತಿದ್ದೆವು. ಆಮೇಲೆ ಫೋನಿನಲ್ಲಿ ಹಿಡಿಯುವುದು ಬಂತು. ಈಗ ಹತ್ತು ಮಾತು ಕೇಳಿಸಿದರೆ ಹನ್ನೊಂದನೆಯದನ್ನು ಅದೇ ದನಿಯಲ್ಲಿ ತಾನೇ ಹೇಳಿಬಿಡುವ ಆ್ಯಪ್ ಇದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸೌಟು ಹಿಡಿದವರು ಅಟ್ಟಿಸಿಕೊಂಡು ಬಂದಾಗ ಆ್ಯಪ್ ಓಡುವುದಿಲ್ಲ. ಅಷ್ಟರ ಮಟ್ಟಿಗೆ ನಾವೇ ಮೇಲು.

ಆರ್ಕೆಸ್ಟ್ರಾದ ಜತೆಯಲ್ಲೇ ನಾನು ಇನ್ನೊಂದು ಕಡೆ ಬಿಟ್ಟಿ ಕೆಲಸ ಮಾಡುತ್ತಿದ್ದೆ. ‘ನಾಲ್ಕು ತಾಲ್ಲೂಕು’ ಎಂದು ಒಂದು ಬ್ಯಾಂಡು, ತಾಲ್ಲೂಕಿಗೊಬ್ಬರಂತೆ ನಾಲ್ಕು ಜನ. ಸಿನಿಮಾ ಹಾಡು ಹಾಡುತ್ತಿರಲಿಲ್ಲ, ತಮ್ಮದೇ ಹಾಡು ಕಟ್ಟಿ ಕಾಲೇಜುಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಗದ್ದಲ ಮಾಡುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಮಾಡುವುದನ್ನು ನಾನು ಹೇಗೋ ಕಲಿತಿದ್ದೆ, ಆದ್ದರಿಂದ ನನ್ನನ್ನು ಸಹಿಸಿಕೊಂಡಿದ್ದರು. ಹಾಡುಗಳನ್ನೆಲ್ಲ ಬರೆಯುತ್ತಿದ್ದವನು ಮಾದೇವ. ಹನಗೋಡಿನ ಹತ್ತಿರದ ಹಳ್ಳಿಯವನು, ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಎಲ್ಲರೂ ಹಾಡುವಾಗ ಅವನು ಹಿಂದೆ ಕರೆಂಟು ಕಂಬದ ಹಾಗೆ ನಿಂತು ಗಿಟಾರು ಬಾರಿಸುತ್ತಿದ್ದ. ತಾನು ಬರೆದದ್ದನ್ನು ತಾನು ಹಾಡಿದವನೇ ಅಲ್ಲ. ಡೇರಿಯಲ್ಲೂ ಮಾತಿಲ್ಲ. ಹಾಲಿನೊಳಗೆ ಲ್ಯಾಕ್ಟೋಮೀಟರ್ ಬಿಟ್ಟು, ಅದು ನಿಂತ ಜಾಗ ನೋಡಿ, ಹಾಲು ತಂದವರ ಮುಖ ನೋಡುತ್ತಿದ್ದ. ನೀರು ಬೆರೆಸಿದವರು ಆ ನೋಟಕ್ಕೇ ತಪ್ಪೊಪ್ಪಿಕೊಳ್ಳುತ್ತಿದ್ದರು.

ಅವನ ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅಕ್ಕ ಚಿಕ್ಕತಾಯಮ್ಮನಿಗೆ ಹದಿಮೂರು. ಆ ಅಕ್ಕನೇ ಅವನನ್ನು ಸಾಕಿದ್ದು. ನಮ್ಮ ಕಡೆ ಹೊಗೆಸೊಪ್ಪಿನ ಕಾಲದಲ್ಲಿ ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸಕ್ಕೆ ಹೋಗುತ್ತಾರೆ. ಕಡ್ಡಿಗೆ ಕಟ್ಟಿದ ಸೊಪ್ಪನ್ನು ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲುಸಾಲಾಗಿ ಏರಿಸಿ, ಕೆಳಗೆ ಬೆಂಕಿ ಹಾಕಿ ಬೇಯಿಸುತ್ತಾರೆ. ಸೊಪ್ಪಿನ ಅಂಟು ಕೈಗೆ ಹತ್ತಿದರೆ ಕಪ್ಪಗೆ ಕೂತುಬಿಡುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಆ ಕೈಯಲ್ಲಿ ಏನು ಮುಟ್ಟಿದರೂ ಕಹಿ. ಅಕ್ಕ ಹಾಗೆ ಕೂಲಿಗೆ ಹೋಗಿ ತಮ್ಮನನ್ನು ಓದಿಸಿದರು. ಈಗ ಅವರಿಗೂ ಅವರ ಗಂಡನಿಗೂ ಸೇರಿ ಎರಡು ಎಕರೆ ಹೊಲವಿದೆ, ಸ್ವಂತ ಬ್ಯಾರನ್ ಇದೆ. ನಾನು ಅವರ ಮನೆಗೆ ಹೋದಾಗಲೆಲ್ಲ ಮಾದೇವನ ಎದುರಿಗೇ ಮಾದೇವನಂತೆ ಮಾತಾಡಿ, ಅಂದರೆ ಮಾತಾಡದೆ, ಮುಖ ಮಾತ್ರ ನೋಡಿ ಅಕ್ಕನನ್ನು ನಗಿಸುತ್ತಿದ್ದೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಾದೇವ ನನ್ನನ್ನು ಡೇರಿಗೆ ಕರೆದು, ಹಾಲಿನ ಕ್ಯಾನಿನ ಮೇಲೆ ಕೂತು, ಎಂಟು ಹಾಡು ಹಾಡಿದ. ಒಂದು ಗಿಟಾರು, ಒಂದು ಸಣ್ಣ ದನಿ. ದನಿಯಲ್ಲಿ ಜೋರಿಲ್ಲ, ಏರಿಳಿತವೂ ಅಷ್ಟಕ್ಕಷ್ಟೇ. ಪಕ್ಕದಲ್ಲಿ ಕೂತವನಿಗೆ ಮಾತ್ರ ಹೇಳುವಂತಿತ್ತು. ಬ್ಯಾಂಡಿನವರಿಗೆ ಕೇಳಿಸಿದೆಯಾ ಎಂದೆ.

“ಇವು ಬ್ಯಾಂಡಿಗಲ್ಲ ಕಣ್ಲಾ. ನಾಕು ಜನ ಸೇರಿ ಹೇಳೋ ಮಾತಲ್ಲ ಇವು” ಅಂದ.

ಬ್ಯಾಂಡಿನ ಉಳಿದ ಮೂವರಿಗೆ ಬೇಜಾರಾಯಿತು. ಡ್ರಮ್ಮಿನವನು, ನಾವೇನು ಗಲಾಟೆ ಮಾಡುತ್ತೇವಾ ಎಂದು ನನ್ನನ್ನು ಕೇಳಿದ. ಹೂಂ, ಮಾಡುತ್ತೀರಿ ಎಂದೆ. ಅವನು ಒಂದು ವಾರ ನನ್ನ ಫೋನು ತೆಗೆಯಲಿಲ್ಲ. ಆದರೂ ತನ್ನ ಒಳ್ಳೆಯ ಮೈಕನ್ನು ತಂದು ಕೊಟ್ಟವನೂ ಅವನೇ.

ಸ್ಟುಡಿಯೋಗೆ ಹೋಗಲು ಮಾದೇವ ಒಪ್ಪಲಿಲ್ಲ. ಬೇಸಿಗೆಯಲ್ಲಿ ಬ್ಯಾರನ್ ಖಾಲಿ ಇರುತ್ತದೆ. ಎತ್ತರದ ಮಾಡು, ದಪ್ಪ ಗೋಡೆ, ಒಳಗೆ ಮರದ ಅಡ್ಡೆಗಳು, ಬಾಗಿಲು ಹಾಕಿದರೆ ಹೊರಗಿನ ನಾಯಿ ಬೊಗಳಿದ್ದೂ ಕೇಳುವುದಿಲ್ಲ. ಅಲ್ಲೇ ಮಾಡೋಣ ಅಂದ. ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅದನ್ನು ತಡೆಯಲು ಗೋಣಿಚೀಲ ಕಟ್ಟಬೇಕು ಎಂದು ನಾನು ತಜ್ಞನಂತೆ ಹೇಳಿ, ಹುಣಸೂರಿನಿಂದ ಒಂದು ಆಟೋ ತುಂಬ ಹಳೇ ಚೀಲ ತಂದೆ. ಅವು ಒಣಮೆಣಸಿನಕಾಯಿ ತುಂಬಿದ್ದ ಚೀಲಗಳೆಂದು ಬಾಗಿಲು ಹಾಕಿದ ಮೇಲೆ ಗೊತ್ತಾಯಿತು. ಮೊದಲ ದಿನದ ರೆಕಾರ್ಡಿಂಗಿನಲ್ಲಿ ಗಿಟಾರಿಗಿಂತ ನಮ್ಮಿಬ್ಬರ ಸೀನೇ ಹೆಚ್ಚು. ಚೀಲಗಳನ್ನು ಕೆರೆಗೆ ಒಯ್ದು ಒಗೆದು, ಒಣಗಿಸಿ, ಮತ್ತೆ ಕಟ್ಟಲು ನಾಲ್ಕು ದಿನ ಹೋಯಿತು. ಅಕ್ಕ ಬಂದು ನೋಡಿ, ಗೋಡೆಗೆ ಸೀರೆ ಉಡಿಸುತ್ತಿದ್ದೀರಾ ಎಂದು ಕೇಳಿ ಹೋದರು.

ಆಮೇಲೆ ಹಾಡುಗಳು ಒಂದೊಂದಾಗಿ ಬಂದವು. ನಾನು ಮೂಲೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಉಸಿರು ಹಿಡಿದು ಕೂರುತ್ತಿದ್ದೆ. ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ಇದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು. ಮಾದೇವ ಪ್ರತಿ ಸಾಲಿಗೂ ಮುಂಚೆ ಮೂಗಿನಿಂದ ಸಣ್ಣಗೆ ಉಸಿರೆಳೆಯುತ್ತಿದ್ದ, ‘ಲ’ಕಾರಕ್ಕೆ ಬಂದಾಗ ದನಿಯನ್ನು ಕೊಂಚ ಕೆಳಗಿಡುತ್ತಿದ್ದ. ಇವನ್ನೆಲ್ಲ ನನ್ನ ಕಿವಿ ನನ್ನನ್ನು ಕೇಳದೆಯೇ ಎತ್ತಿಟ್ಟುಕೊಳ್ಳುತ್ತಿತ್ತು. ಕಸುಬಿನ ಚಾಳಿ ಅದು.

ಏಳನೇ ಹಾಡು ಅಕ್ಕನದು. ಅಕ್ಕನಿಗೆ ಅವನು ಅದನ್ನು ಕೇಳಿಸಿರಲಿಲ್ಲ, ಅಂಥದೊಂದು ಹಾಡಿದೆ ಎಂದೂ ಹೇಳಿರಲಿಲ್ಲ. ಅದರ ನಡುವೆ ಎರಡು ಸಾಲು ಬರುತ್ತದೆ.

ಅಂಟು ಬಿಡದ ಕೈಯಲ್ಲಿ ನೀ ಕಲಸಿಟ್ಟ ತುತ್ತು
ಕಹಿ ಇತ್ತು ಅಕ್ಕ, ನಾ ಹೇಳಲಿಲ್ಲ

ಮೊದಲ ಸಾಲು ಸಲೀಸಾಗಿ ಬರುತ್ತಿತ್ತು. ಎರಡನೆಯದಕ್ಕೆ ಬಂದರೆ ದನಿ ನಲ್ಲಿ ತಿರುಗಿಸಿದಂತೆ ನಿಂತುಬಿಡುತ್ತಿತ್ತು. ಅಳುವೂ ಇಲ್ಲ, ಗದ್ಗದವೂ ಇಲ್ಲ, ಬರೀ ಖಾಲಿ. ಗಿಟಾರು ಮಾತ್ರ ಮುಂದಕ್ಕೆ ಹೋಗುತ್ತಿತ್ತು. ನೀರು ಕುಡಿದ, ಹೊರಗೆ ಹೋಗಿ ನಿಂತು ಬಂದ, ಗೋಡೆಯ ಕಡೆ ತಿರುಗಿ ಹಾಡಿದ. ಮೂರು ದಿನ ಹೀಗೇ ನಡೆಯಿತು. ಹಾಡು ಬಿಟ್ಟುಬಿಡು, ಏಳೇ ಇರಲಿ ಎಂದು ನಾನಂದೆ. ಈ ಹಾಡಿಲ್ಲದಿದ್ದರೆ ಉಳಿದವೂ ಬೇಡ ಅಂದ. ಅಕ್ಕನಿಗೆ ಮುಖ ನೋಡಿ ಹೇಳಲಾಗದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಎಂದು ಆಗ ನನಗೆ ಗೊತ್ತಾಯಿತು.

ನಾಲ್ಕನೇ ದಿನ ಸಂಜೆ ಹಾಲಿನ ಹೊತ್ತಾಯಿತೆಂದು ಅವನು ಎದ್ದ. ಹಿಡಿದದ್ದನ್ನೆಲ್ಲ ಇನ್ನೊಂದು ಸಲ ಕೇಳು, ಯಾವುದಾದರೊಂದರಲ್ಲಿ ಸರಿಯಾಗಿ ಬಂದಿರಬಹುದು ಎಂದು ಹೇಳಿ ಬೈಕು ಹತ್ತಿ ಡೇರಿಗೆ ಹೋದ. ನಾನು ಒಬ್ಬನೇ ಕೂತು ಎಲ್ಲವನ್ನೂ ಕೇಳಿದೆ. ಯಾವುದರಲ್ಲೂ ಇರಲಿಲ್ಲ. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಖಾಲಿ. ಸಂದು. ಮೈಕು ಇತ್ತು, ನಾನಿದ್ದೆ, ಅವನ ದನಿ ನನ್ನ ಗಂಟಲಲ್ಲಿತ್ತು.

ಒಂದೇ ಸಲಕ್ಕೆ ಬಂತು. ಮೂಗಿನ ಉಸಿರು, ‘ಲ’ಕಾರದ ಇಳಿತ, ಎಲ್ಲ. ‘ಹೇಳಲಿಲ್ಲ’ ಎನ್ನುವಾಗ ಒಂದು ಚೂರು ನಡುಕವನ್ನೂ ಸೇರಿಸಿದೆ. ಅಂಥ ಒಳ್ಳೆಯ ಮಾದೇವನನ್ನು ನಾನು ಅದುವರೆಗೆ ಮಾಡಿರಲಿಲ್ಲ. ಕತ್ತರಿಸಿ ಜೋಡಿಸಿ ನೋಡಿದೆ, ಎಲ್ಲಿ ಜೋಡಿಸಿದ್ದೇನೆಂದು ನನಗೇ ಕಾಣಲಿಲ್ಲ. ಬೆಳಿಗ್ಗೆ ಕೇಳಿಸಿ, ಅವನು ಬೆಚ್ಚಿದ ಮೇಲೆ ನಿಜ ಹೇಳಿ ನಗೋಣ ಎಂದುಕೊಂಡೆ. ದೇವರಾಣೆಗೂ ಅಷ್ಟೇ ಅಂದುಕೊಂಡದ್ದು.

ಬೆಳಿಗ್ಗೆ ಡೇರಿಗೆ ಹೋದೆ. ಹಾಲಿನವರೆಲ್ಲ ಹೋದ ಮೇಲೆ ಅವನು ಇಯರ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದ. ಹಾಡು ಮುಗಿದ ಮೇಲೂ ಕಣ್ಣು ಬಿಡಲಿಲ್ಲ. ಇದು ಎಷ್ಟನೇ ಸಲದ್ದು ಎಂದು ಕೇಳಿದ. ಕೊನೇದು ಎಂದೆ. ಮಾದೇವ ನಕ್ಕ. ಅವನಿಗೆ ಅಷ್ಟೊಂದು ಹಲ್ಲಿರುವುದು ನನಗೆ ಗೊತ್ತಿರಲಿಲ್ಲ.

“ಅಂತೂ ಬಂತಲ್ಲ ಕಣ್ಲಾ” ಅಂದ.

ನಿಜ ಹೇಳಬೇಕಾದ ಜಾಗ ಅದೇ. ಎಲ್ಲಿ ಬೇಡವೋ ಅಲ್ಲೆಲ್ಲ ಬಾಯಿ ಹಾಕಿದ ನಾನು ಅಲ್ಲಿ ಸುಮ್ಮನಿದ್ದೆ.

‘ಖಾಲಿ ಬ್ಯಾರನ್’ ಎಂದು ಹೆಸರಿಟ್ಟೆವು. ಮೈಸೂರಿನ ಒಂದು ಸಣ್ಣ ಮ್ಯೂಸಿಕ್ ಕಂಪನಿಯ ಕಿರಣ್ ಸರ್ ಎಂಬವರು ಕೇಳಿ ಮೆಚ್ಚಿ, ಅದನ್ನು ಹಾಡಿನ ಆ್ಯಪ್‌ಗಳಿಗೆಲ್ಲ ಹಾಕಿಸಿದರು. ಕೇಳಿದವರು ಬರೆದದ್ದೆಲ್ಲ ಏಳನೇ ಹಾಡಿನ ಬಗ್ಗೆಯೇ, ಅದರಲ್ಲೂ ಆ ಒಂದು ಸಾಲಿನ ಬಗ್ಗೆಯೇ. ‘ಈ ದನಿಯಲ್ಲಿ ಎಳ್ಳಷ್ಟೂ ನಟನೆಯಿಲ್ಲ’ ಎಂದು ಒಬ್ಬರು ಬರೆದಿದ್ದರು. ಹದಿಮೂರು ವರ್ಷದಲ್ಲಿ ನನಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ಅದು, ಯಾರಿಗೂ ತೋರಿಸುವ ಹಾಗಿರಲಿಲ್ಲ. ಬಚ್ಚಲಮನೆಯಲ್ಲಿ ನಿಂತು ಒಬ್ಬನೇ ಓದಿಕೊಂಡೆ.

ಮಾದೇವ ಬದಲಾದ. ಡೇರಿಯಲ್ಲಿ ಜನರ ಜತೆ ಮಾತಾಡತೊಡಗಿದ. ಮೈಸೂರಿನಲ್ಲಿ ಒಂದು ಸಣ್ಣ ಸಭೆ ಮಾಡುತ್ತೇನೆ, ಇಡೀ ಆಲ್ಬಮ್ಮನ್ನು ಜನರೆದುರು ಒಬ್ಬರೇ ಕೂತು ಹಾಡಿ ಎಂದು ಕಿರಣ್ ಸರ್ ಕೇಳಿದಾಗ, ಕರೆಂಟು ಕಂಬದಂತಿದ್ದ ಆ ಮನುಷ್ಯ ಹೂಂ ಅಂದುಬಿಟ್ಟ. ಏಳನೇದು ಅಲ್ಲಿ ಬರದಿದ್ದರೆ ಎಂದು ಮೆಲ್ಲಗೆ ಕೇಳಿದೆ. ಒಂದು ಸಲ ಬಂದದ್ದು ಇನ್ನೊಂದು ಸಲ ಬರದೇ ಇರುತ್ತದಾ, ಅಕ್ಕನನ್ನೂ ಕರೆದುಕೊಂಡು ಹೋಗಿ ಮುಂದುಗಡೆ ಕೂರಿಸುತ್ತೇನೆ ಅಂದ. ಒಂದು ಸಲವೂ ಬಂದಿರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಅಲ್ಲ, ಇನ್ನೊಬ್ಬರಿಗೂ ಗೊತ್ತಾಗಿತ್ತು.

ಅಷ್ಟರಲ್ಲಿ ಸೊಪ್ಪಿನ ಮೊದಲ ಕಟಾವು ಶುರುವಾಗಿತ್ತು. ಅಕ್ಕನ ಮನೆಗೆ ಹೋದಾಗ ಚಪ್ಪರದ ಕೆಳಗೆ ಏಳೆಂಟು ಹೆಂಗಸರು ಕಡ್ಡಿಗೆ ಸೊಪ್ಪು ಕಟ್ಟುತ್ತ, ಯಾರದೋ ಫೋನಿನಲ್ಲಿ ಮಾದೇವನ ಹಾಡು ಹಾಕಿಕೊಂಡಿದ್ದರು. ಅಕ್ಕನಿಗೆ ತಮ್ಮ ಕೇಳಿಸಿರಲಿಲ್ಲ, ಕೆಲಸದವರು ಕೇಳಿಸಿದ್ದರು. ನನ್ನನ್ನು ನೋಡಿ ಅಕ್ಕ ಎದ್ದು, ಸೌದೆ ರಾಶಿಯ ಹಿಂದಕ್ಕೆ ಕರೆದರು.

“ಏಳ್ನೇ ಹಾಡಲ್ಲಿ ಆ ಮಾತ ಯೋಳಿರೋನು ನೀನು” ಅಂದರು.

ನಾನು ತಕ್ಷಣ ಅವರ ಗಂಡನ ದನಿಯಲ್ಲಿ ಏನೋ ತಮಾಷೆ ಮಾಡಿದೆ. ಅವರು ನಗಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳುವುದು ಬಿಟ್ಟು ನನಗೆ ಬೇರೆ ದಾರಿಯಿರಲಿಲ್ಲ. ಕಸುಬಿನವನ ಚಪಲವೂ ಅದರಲ್ಲಿತ್ತು, ಎಲ್ಲಿ ಎಡವಿದೆ ಎಂದು ತಿಳಿಯಬೇಕಿತ್ತು.

“ನಮ್ ಮಾದ ಅತ್ರೆ ದನಿ ಈಚ್ಗೆ ಬರಾಕಿಲ್ಲ. ಅವ್ವ ತೀರ್ಕಂಡಾಗ್ಲೂ ಬರ್ನಿಲ್ಲ. ನೀನು ಅಳ್ತಾ ಆಡಿದ್ದೀಯೆ. ಚೆನ್ನಾಗೇ ಆಡಿದ್ದೀಯೆ ಬುಡು.” ಕೈಯ ಅಂಟನ್ನು ಸೌದೆಗೆ ಒರೆಸಿದರು. “ಅವ್ನು ನಂಗೇ ಯೋಳ್ಬೇಕು ಅಂತ ಇಷ್ಟು ವರ್ಸ ಮಡಿಕ್ಕಂಡಿದ್ದ ಮಾತ, ನೀನ್ ಬಂದು ಯೋಳ್ಬುಟ್ಟಲ್ಲ. ನಾನ್ ಅವ್ನ್ಗೆ ಏನೂ ಅನ್ನಾಕಿಲ್ಲ. ನೀನೇ ಯೋಳು.”

ಸೌಟಿನ ಏಟಾದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಡೇರಿಯಲ್ಲಿ ಹೇಳಿದೆ. ಹಾಲಿನವರು ಸಾಲಾಗಿ ನಿಂತಿದ್ದರು. ಅವರೆಲ್ಲ ಹೋಗುವವರೆಗೆ ಕಾದರೆ ನಾನು ಓಡಿಹೋಗುತ್ತೇನೆಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಮಾದೇವ ಅಳತೆಯ ಜಾಡಿಯಲ್ಲಿ ತೇಲುತ್ತಿದ್ದ ಲ್ಯಾಕ್ಟೋಮೀಟರನ್ನೇ ನೋಡುತ್ತಿದ್ದ. ಅದು ಎಲ್ಲಿ ನಿಂತಿದೆಯೆಂದು ಹಾಲು ತಂದ ಮುದುಕಿ ಎರಡು ಸಲ ಕೇಳಿದಳು. ಅವನು ಓದಿ, ಬರೆದುಕೊಂಡು, ಉಳಿದ ಅಷ್ಟೂ ಜನರ ಹಾಲನ್ನು ಒಂದೊಂದಾಗಿ ನೋಡಿ, ಕ್ಯಾನು ತೊಳೆದು, ಬಾಗಿಲೆಳೆದ. ಆಮೇಲೆ ಯಾರಿಗೆಲ್ಲ ಗೊತ್ತು ಎಂದು ಕೇಳಿದ. ಅಕ್ಕನಿಗೆ ಎಂದೆ. ಅವನ ಮುಖ ಆಗ ಇಳಿದುಹೋಯಿತು. ಬೈದಿದ್ದರೆ ಆ ಬೈಗುಳವನ್ನೂ ನಾನು ಕಲಿತುಬಿಡುತ್ತಿದ್ದೆ. ಅವನು ಬೈಯಲಿಲ್ಲ. ಬೈಕು ಹತ್ತಿ ಹೋದ, ಮತ್ತೆ ನನ್ನ ಫೋನು ತೆಗೆಯಲಿಲ್ಲ.

ನಾನು ಕಿರಣ್ ಸರ್‌ಗೂ ಹೇಳಿದೆ. ಹಾಡು ತೆಗೆಯಬೇಕಾಗುತ್ತದೆ ಎಂದೆ. ಅವರು ಜೋರಾಗಿ ನಕ್ಕರು. ತೆಗೆಯುವುದು ಯಾಕೆ, ಸಭೆಯ ದಿನ ನೀವು ಪರದೆಯ ಹಿಂದೆ ಮೈಕು ಹಿಡಿದು ನಿಂತುಕೊಳ್ಳಿ, ಆ ಸಾಲು ಬಂದಾಗ ಹೇಳಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಅಂದರು. ನಮ್ಮಲ್ಲಿ ಹಾಡುವವರು ಸಾಲುಗಳನ್ನು ಹಾಳು ಮಾಡಿ ಹೋಗುತ್ತಾರೆ, ನೀವು ಇಲ್ಲೇ ಕೆಲಸಕ್ಕೆ ಬಂದರೆ ಎಲ್ಲವನ್ನೂ ಸರಿ ಮಾಡಬಹುದು ಎಂದೂ ಸೇರಿಸಿದರು. ಹದಿಮೂರು ವರ್ಷದಲ್ಲಿ ನನಗೆ ಬಂದ ಒಂದೇ ಒಂದು ಬಡ್ತಿ ಅದು.

“ಯಾರ್ಗೂ ಗೊತ್ತಾಗಲ್ಲ” ಎಂದು ನಾನು ಅವರದೇ ದನಿಯಲ್ಲಿ ಅವರಿಗೇ ಹೇಳಿದೆ. ಅದು ತಮ್ಮ ದನಿಯೆಂದು ಅವರಿಗೆ ತಿಳಿಯಲಿಲ್ಲ, ಅದೇ ಅದೇ ಎಂದು ಖುಷಿಪಟ್ಟರು. ಆಮೇಲೆ ನನ್ನ ದನಿಯಲ್ಲಿ, ಆಗಲ್ಲ ಸರ್, ನಾನು ಪರದೆ ಹಿಂದೆ ನಿಲ್ಲಲ್ಲ ಎಂದು ಹೇಳಿ ಫೋನಿಟ್ಟೆ. ನನ್ನ ದನಿ ಹೇಗಿರುತ್ತದೆಂದು ನಾನೇ ಮರೆತಿದ್ದೆ. ಕೊಂಚ ಕೀರಲು. ಇರಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಮಾದೇವ ನಮ್ಮ ಮನೆಯ ಮುಂದೆ ಬಂದು ನಿಂತ. ಒಳಗೆ ಬರಲಿಲ್ಲ, ಅವ್ವ ಕೊಟ್ಟ ಮಜ್ಜಿಗೆ ಕುಡಿಯಲಿಲ್ಲ.

“ಲ್ಯಾಪ್‌ಟಾಪ್ ತಗಂಡ್ ಬಾ” ಅಂದ.

ಬ್ಯಾರನ್ನಿಗೆ ಹೋಗುವ ಹೊತ್ತಿಗೆ ಬಿಸಿಲು ಸುರಿಯುತ್ತಿತ್ತು. ಆದರೆ ಬ್ಯಾರನ್ ಈಗ ಖಾಲಿಯಿಲ್ಲ. ಒಳಗೆಲ್ಲ ಸೊಪ್ಪು ಏರಿಸಿ, ಬಾಗಿಲು ಹಾಕಿ, ಬೆಂಕಿ ಕೊಟ್ಟು ಮೂರು ದಿನವಾಗಿತ್ತು. ಕಾವು ಒಂದು ಚೂರು ಹೆಚ್ಚು ಕಡಿಮೆಯಾದರೆ ಇಡೀ ಸೊಪ್ಪು ಕೆಡುತ್ತದೆ. ಅಕ್ಕ ಒಲೆಬಾಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಸೌದೆ ತಳ್ಳುತ್ತಿದ್ದರು. ಬೆಂಕಿ ಬುಸುಗುಡುತ್ತಿತ್ತು,  ಸೌದೆ ಸಿಡಿಯುತ್ತಿತ್ತು. ಇಲ್ಲಿ ಹಿಡಿದರೆ ಉಳಿದ ಹಾಡಿಗೆ ಹೊಂದುವುದಿಲ್ಲ, ಸೊಪ್ಪು ಇಳಿದು ಬ್ಯಾರನ್ ಖಾಲಿಯಾಗಲಿ, ಆಗ ಮಾಡಿದರೆ ಗುರುತೇ ಸಿಗದಂತೆ ಜೋಡಿಸಿಕೊಡುತ್ತೇನೆ ಎಂದೆ.

“ನೀನು ಗುರ್ತು ಸಿಗ್ದಂಗೆ ಜೋಡಿಸಿದ್ದು ಸಾಕು. ತ್ಯಾಪೆ ಕಾಣ್ಲಿ” ಅಂದ.

ಮೈಕನ್ನು ಅವನೇ ಸೌದೆಯ ಮೇಲೆ ನಿಲ್ಲಿಸಿದ. ಅಕ್ಕನಿಗೆ, ಸುಮ್ಮನಿರು ಎಂದೇನೂ ಹೇಳಲಿಲ್ಲ. ಅಕ್ಕ ತಿರುಗಿಯೂ ನೋಡಲಿಲ್ಲ. ಅವರ ಪಾಡಿಗೆ ಅವರು, ಕಾವು ನೋಡುವ ಕಿಂಡಿಗೊಮ್ಮೆ ಕಣ್ಣಿಟ್ಟು ಬಂದು ಮತ್ತೆ ಕೂತರು. ಮಾದೇವ ಗಿಟಾರು ತೊಡೆಯ ಮೇಲಿಟ್ಟುಕೊಂಡು ಮೊದಲ ಸಾಲು ಹಾಡಿದ. ಎರಡನೇ ಸಾಲಿನ ಜಾಗ ಬಂತು. ದನಿ ನಿಂತಿತು, ಯಾವಾಗಿನಂತೆಯೇ. ಈ ಸಲ ಅವನು ಗಿಟಾರನ್ನೂ ನಿಲ್ಲಿಸಿದ. ಬೆಂಕಿಯ ಸದ್ದೊಂದೇ ಉಳಿಯಿತು. ಎಷ್ಟು ಹೊತ್ತು ಎಂದು ರೆಕಾರ್ಡಿಂಗ್ ನೋಡಿದರೆ ಹೇಳಬಹುದು, ನಾನು ನೋಡಿಲ್ಲ. ಆಮೇಲೆ ಅವನು ಅದನ್ನು ಹಾಡಲಿಲ್ಲ, ಅಕ್ಕನ ಬೆನ್ನಿಗೆ ಹೇಳಿದ. ರಾಗವಿಲ್ಲ, ನಡುಕವಿಲ್ಲ. ಹಾಲಿನಲ್ಲಿ ನೀರೆಷ್ಟು ಎಂದು ಹೇಳುವ ದನಿ.

“ಕಹಿ ಇತ್ತು ಅಕ್ಕ. ನಾ ಹೇಳ್ಲಿಲ್ಲ.”

ಅಕ್ಕ ಒಂದು ಸೌದೆಯನ್ನು ಒಳಕ್ಕೆ ತಳ್ಳಿದರು.

“ಗೊತ್ತಿತ್ತು ಕಣ್ಲಾ. ಅದ್ಕೇ ಬೆಲ್ಲ ಇಕ್ತಿದ್ದೆ” ಅಂದರು.

ಮಾದೇವ ಮತ್ತೆ ಗಿಟಾರು ಎತ್ತಿಕೊಂಡು ಹಾಡನ್ನು ಕೊನೆಯವರೆಗೆ ಹಾಡಿದ. ನಾನು ಒಂದು ಮಾತೂ ಆಡಲಿಲ್ಲ. ಈ ಮಾತನ್ನು ನಂಬದವರು ಅಕ್ಕನನ್ನು ಕೇಳಬಹುದು.

ಕಿರಣ್ ಸರ್ ಅದನ್ನು ಕೇಳಿ, ಇದು ಹಾಡಾ ಅಡುಗೆಮನೆಯಾ ಅಂದರು. ಬೆಂಕಿಯ ಸದ್ದು ತೆಗೆಯಿರಿ, ಆ ಹೆಂಗಸಿನ ಮಾತು ತೆಗೆಯಿರಿ, ಇಲ್ಲವಾದರೆ ಹಳೆಯದೇ ಇರಲಿ ಎಂದು ಹಟ ಹಿಡಿದರು. ಆ ಹೆಂಗಸು ನಮ್ಮಕ್ಕ, ಇದು ಹೀಗೇ ಇರುತ್ತದೆ, ಇಲ್ಲದಿದ್ದರೆ ಎಂಟು ಹಾಡನ್ನೂ ತೆಗೆದುಬಿಡಿ ಎಂದ ಮಾದೇವ. ಅವರು ತೆಗೆದರು, ಮೈಸೂರಿನ ಸಭೆಯೂ ನಿಂತಿತು. ಮಾದೇವ ತನ್ನದೇ ಹೆಸರಿನಲ್ಲಿ ಆಲ್ಬಮ್ಮನ್ನು ಮತ್ತೆ ಹಾಕಿದ. ಏಳನೇ ಹಾಡಿನ ನಡುವೆ ಇದ್ದಕ್ಕಿದ್ದಂತೆ ಬೆಂಕಿ ಹತ್ತಿಕೊಳ್ಳುತ್ತದೆ, ಹಾಡುವವನು ಹಾಡು ಬಿಟ್ಟು ಮಾತಾಡುತ್ತಾನೆ, ಒಬ್ಬ ಹೆಂಗಸು ಉತ್ತರ ಕೊಡುತ್ತಾರೆ. ತೇಪೆ ಕಿವುಡನಿಗೂ ಕೇಳುತ್ತದೆ. ಹನಗೋಡಿನ ಸುತ್ತಮುತ್ತ ಹೋಟೆಲುಗಳಲ್ಲಿ ಅದನ್ನು ಹಾಕುತ್ತಾರೆ. ಆ ಜಾಗ ಬಂದಾಗ ಜನ ಟೀ ಲೋಟ ಕೆಳಗಿಡುತ್ತಾರೆ ಎಂದು ಡ್ರಮ್ಮಿನವನು ಹೇಳಿದ. ಅವನು ಉತ್ಪ್ರೇಕ್ಷೆ ಮಾಡುವವನು, ಅರ್ಧ ನಂಬಿದ್ದೇನೆ.

ಆ ವಾರವೇ ನಾನು ಪುಟ್ಟಸ್ವಾಮಣ್ಣನಿಗೆ ಹೇಳಿ ಕೆಲಸ ಬಿಟ್ಟೆ. ಪಾಪಪ್ರಜ್ಞೆಯಿಂದ ಬಿಟ್ಟ ಎಂದು ಅವರು ಹೇಳಿಕೊಂಡು ತಿರುಗುತ್ತಿದ್ದಾರೆ. ಅಲ್ಲ. ಆ ಒಂದು ಸಾಲಿಗಿಂತ ಚೆನ್ನಾಗಿ ನಾನು ಯಾರನ್ನೂ ಮಾಡಲಾರೆ, ಅಷ್ಟು ಚೆನ್ನಾಗಿ ಮಾಡಿದ್ದು ಅಲ್ಲಿ ಬೇಕಿರಲಿಲ್ಲ. ಇವೆರಡೂ ತಿಳಿದ ಮೇಲೆ ಮದುವೆಮನೆಯಲ್ಲಿ ನಿಂತು ಮಂತ್ರಿಯಂತೆ ಕೆಮ್ಮುವುದು ನನಗೆ ರುಚಿಸಲಿಲ್ಲ. ಹೊಸಬರೇ, ನೀವು ಧಾರಾಳವಾಗಿ ಬನ್ನಿ. ಮಂತ್ರಿಗಳನ್ನು ಬಿಡಬೇಡಿ, ನಟರನ್ನು ಬಿಡಬೇಡಿ, ಸೋದರಮಾವಂದಿರನ್ನು ಅನ್ನ ಬೆಂದಿದೆಯೇ ಎಂದು ನೋಡಿಕೊಂಡು ಮಾಡಿ. ನನ್ನನ್ನೂ ಮಾಡಿ, ಕೀರಲು ದನಿ, ಸುಲಭ. ಒಬ್ಬ ಮನುಷ್ಯ ಒಂದು ಮಾತು ಹೇಳಲಾಗದೆ ನಿಂತಿದ್ದಾನೆ ಎಂದರೆ ಮಾತ್ರ ಅವನ ಪರವಾಗಿ ಹೇಳಬೇಡಿ. ಅವನು ನಿಲ್ಲಲಿ. ಎಷ್ಟು ಹೊತ್ತಾದರೂ ನಿಲ್ಲಲಿ.

ಆಲ್ಬಮ್ಮಿನ ಕೆಳಗೆ ಈಗಲೂ ಜನ ಬರೆಯುತ್ತಾರೆ. ಮೊದಲು ಕೇಳಿದ್ದವರಿಗೆ ಸಿಟ್ಟು. ಹಳೆಯದರಲ್ಲಿ ಎಷ್ಟು ಸಹಜವಾಗಿತ್ತು, ಇದರಲ್ಲಿ ಬೇಕೆಂದೇ ಬೆಂಕಿ ಸದ್ದು ಸೇರಿಸಿ, ಯಾವುದೋ ನಟಿಯಿಂದ ಮಾತಾಡಿಸಿ ನಾಟಕ ಮಾಡಿದ್ದಾರೆ, ದಯವಿಟ್ಟು ಹಳೆಯದನ್ನೇ ಹಾಕಿ ಎಂದು ಕೇಳುತ್ತಾರೆ. ಮಾದೇವ ಉತ್ತರ ಕೊಡುವುದಿಲ್ಲ, ಅಕ್ಕ ಅದನ್ನೆಲ್ಲ ಓದುವುದಿಲ್ಲ. ಮಿಲ್ಲು ನಿಂತಾಗ ನಾನು ಫೋನು ತೆಗೆದು, ನನ್ನ ಸ್ವಂತ ಹೆಸರಿನಲ್ಲಿ, ಒಬ್ಬೊಬ್ಬರಿಗೂ ಅದನ್ನೇ ಬರೆಯುತ್ತೇನೆ: ‘ಹಳೆಯದು ನಾನು. ಚೆನ್ನಾಗಿತ್ತು, ಗೊತ್ತು. ಅದಕ್ಕೇ ತೆಗೆದದ್ದು.’